ಚರಂಡಿಯ ಬಾಯಿಗೆ ನಿಂಬೆಹಣ್ಣು

ಸತ್ತೇಗಾಲದ ಕಡೆಯಿಂದ ಬಂದ ಕಬ್ಬಿನ ಟ್ರ್ಯಾಕ್ಟರ್ ನಮ್ಮ ಗೇಟಿನ ಮುಂದೆ ತಿರುಗುವಾಗ ಹಿಂದಿನ ಚಕ್ರ ಚರಂಡಿಯ ಮೇಲೆ ಹತ್ತಿತು. ಚಪ್ಪಡಿ ಎರಡಾಗಿ ಒಳಗೆ ಬಿತ್ತು. ಡ್ರೈವರ್ ಇಳಿದು ನೋಡಿ ತಲೆ ಕೆರೆದುಕೊಂಡ. ಹೊರಡುವ ಮುಂಚೆ ಒಂದು ಜಲ್ಲೆ ಕಬ್ಬನ್ನು ಎಳೆದು ನಮ್ಮ ಗೇಟಿಗೆ ಒರಗಿಸಿಟ್ಟ. ಅದೇ ಅವನ ಕ್ಷಮಾಪಣೆ ಎಂದುಕೊಂಡೆ.

ನಗರಸಭೆಗೆ ಫೋನ್ ಮಾಡಿದೆ. "ಮಧ್ಯಾಹ್ನದೊಳಗೆ ಹೊಸ ಚಪ್ಪಡಿ ಬರುತ್ತೆ ಅಮ್ಮ. ನೀವು ಹತ್ತಿರ ಹೋಗ್ಬೇಡಿ, ಜಾರೀತು" ಎಂದಳು ಆ ಕಡೆಯ ಹುಡುಗಿ. ಒಳ್ಳೆಯ ದನಿ. ಆದರೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಶಿವನಂಜಯ್ಯನವರದೇ ಯೋಚನೆ.

ಅವರದು ಬೀದಿಯ ಕೊನೆಯ ಮನೆ. ಆಯುಷ್ಯವೆಲ್ಲ ರೇಷ್ಮೆ ಮಗ್ಗದ ಮುಂದೆ ಕಳೆದವರು. ಈಗ ಎರಡು ಕಣ್ಣಿಗೂ ಪೊರೆ. ಬೆಳಕು, ನೆರಳು ಬಿಟ್ಟರೆ ಏನೂ ಕಾಣದು. ಆದರೂ ದಿನಾ ಸಂಜೆ ಟೀ ಅಂಗಡಿಗೆ ಒಬ್ಬರೇ ಹೋಗುತ್ತಾರೆ. ರಸ್ತೆಗಿಳಿದರೆ ಬೈಕುಗಳು, ಹಾಗಾಗಿ ಚರಂಡಿಯ ಚಪ್ಪಡಿಗಳ ಮೇಲೆ ಪಾದದಿಂದ ಸಂದು ತಡವಿಕೊಂಡು ನಡೆಯುತ್ತಾರೆ. ಕೋಲು ಹಿಡಿಯುವುದಿಲ್ಲ, ಅದು ಮುದುಕರಿಗಂತೆ. ಹೋದ ತಿಂಗಳು ನಾನು ಮೊಣಕೈ ಹಿಡಿದದ್ದಕ್ಕೆ ಕೊಡವಿಕೊಂಡು, ಆಮೇಲೆ ಎಷ್ಟೋ ದಿನ ಮನೆಯಿಂದ ಹೊರಗೇ ಬಂದಿರಲಿಲ್ಲ.

ಫೋನ್ ಇಟ್ಟವಳೇ ಅವರ ಬಾಗಿಲಿಗೆ ಹೋಗಿ ಹೇಳಿದೆ.

"ಆ ಚಪ್ಪಡಿ ನನ್ ಕಾಲ್ಗೆ ಗೊತ್ತು ವೀರಮ್ಮೋರೆ. ಒಡೆಯೋ ಕಲ್ಲಲ್ಲ ಅದು" ಎಂದು ಕೈ ಬೀಸಿದರು.

ಗುಂಡಿಗೆ ಬೇವಿನ ಕೊಂಬೆ ನೆಟ್ಟೆ. ಯಾರದೋ ಮೇಕೆ ಬಂದು ಸೊಪ್ಪನ್ನೆಲ್ಲ ತಿಂದಿತು. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಇಟ್ಟೆ. ಬಿಸಾಡಿದ್ದೆಂದು ಗುಜರಿಯವನು ಎತ್ತಿಕೊಂಡು ಹೋದ. ಒಂದು ಬೈಕಿನ ಚಕ್ರ ಅಂಚಿಗೇ ಬಂದು ನಿಂತಿತು. ಒಳಗೆ ಹೋಗಿ ನಾಲ್ಕು ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಒಣಮೆಣಸಿನಕಾಯಿಯ ಜೊತೆ ಗುಂಡಿಯ ಸುತ್ತ ಇಟ್ಟು ಬಂದೆ.

ಕೊಳ್ಳೇಗಾಲದಲ್ಲಿ ಅದಕ್ಕಿಂತ ದೊಡ್ಡ ಬೋರ್ಡು ಬೇಕಿಲ್ಲ. ಬೈಕುಗಳು ಬೀದಿಯ ಆಚೆ ಅಂಚಿಗೆ ಸರಿದವು. ಶಿವನಂಜಯ್ಯನವರ ಮೊಮ್ಮಗಳೂ ಅವಳ ಶಾಲೆಯ ಹುಡುಗಿಯರೂ ಒಬ್ಬರ ಕೈ ಒಬ್ಬರು ಹಿಡಿದು ದಾಟಿದರು. ಅಡುಗೆ ಮಾಡಿ ಉಂಡೆ, ಸ್ವಲ್ಪ ಕಣ್ಣೂ ಮುಚ್ಚಿದೆ.

ಎದ್ದಾಗ ಬಿಸಿಲು ಇಳಿದಿತ್ತು. ಗುಂಡಿ ಹಾಗೆಯೇ ಇತ್ತು. ನಮ್ಮ ಬೀದಿಯ ಪೌರಕಾರ್ಮಿಕೆ ಮಹದೇವಮ್ಮ ಕಸದ ಆಟೋ ಪಕ್ಕ ನಿಂತಿದ್ದಳು.

"ಚಪ್ಪಡಿ ಬರಲಿಲ್ಲವಾ ಮಹದೇವಮ್ಮ?"

"ಬಂದಿತ್ತು ಕಣಮ್ಮ. ಆಳುಗೋಳು ನಿಂಬೆಣ್ಣು ನೋಡುದ್ರು, ಟೆಂಪೋ ತಿರುಗುಸ್ಕಂಡು ಓಂಟೋದ್ರು. ಯಾರೋ ಜೋರಾಗೇ ಮಾಡ್ಸವ್ರೆ ಅಂದ್ರು."

"ನೀನಾದರೂ ಗುಡಿಸಿಬಿಡಬಾರದಿತ್ತಾ?"

"ಆಹಾ, ನಂಗೇನ್ ಮಕ್ಳುಮರಿ ಇಲ್ವಾ?"

ಆ ನಿಂಬೆಹಣ್ಣು ಕಣ್ಣಿದ್ದವರಿಗೆ ಮಾತ್ರ. ಶಿವನಂಜಯ್ಯನವರಿಗೆ ಅದು ಕಾಣುವುದಿಲ್ಲ, ಮುಚ್ಚಬೇಕಾದವರನ್ನು ಓಡಿಸಿದವಳು ನಾನೇ. ಇನ್ನೇನು ಅವರು ಹೊರಡುವ ಹೊತ್ತು.

ಅಷ್ಟರಲ್ಲಿ ಪೊಲೀಸ್ ಬೈಕು ಬಂತು. ಬೀಟಿನ ಬಸವಕುಮಾರ್.

"ಬೀದೀಲಿ ಮಾಟ ಮಾಡವ್ರೆ ಅಂತ ಠಾಣೆಗೆ ಫೋನ್ ಬಂದದೆ. ಯಾರನ್ನಾರ ನೋಡುದ್ರಾ ಅಮ್ಮ?"

"ನಾನೇ ಇಟ್ಟದ್ದು. ಯಾರೂ ಬೀಳದಿರಲಿ ಅಂತ."

ಅವನು ನನ್ನನ್ನೂ ಗುಂಡಿಯನ್ನೂ ನೋಡಿದ. "ನೀವು ಬಿಎ ಓದಿದೋರಲ್ವಾ?"

"ಬಿಎಸ್ಸಿ."

ಮಹದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಆಳುಗಳಿಗೆ ಫೋನ್ ಮಾಡಿ, "ಮಾಟ ಅಲ್ಲ ಕಣ್ರಲಾ, ಅಮ್ಮ ಇಟ್ಟಿರೋದು, ಬನ್ನಿ" ಎಂದ. ಆದರೂ ನಿಂತಲ್ಲಿಂದ ಒಂದು ಹೆಜ್ಜೆ ಮುಂದೆ ಬರಲಿಲ್ಲ.

"ನೀವೇ ಎತ್ಬುಡಿ ಅಮ್ಮ."

"ಹಸಿ ಕಸದ ಡಬ್ಬಕ್ಕೆ ಆಕಿ. ನನ್ ಕೈಗ್ ಕೊಡ್ಬೇಡಿ" ಎಂದಳು ಮಹದೇವಮ್ಮ.

ನಾನು ಬಗ್ಗಿ ಒಂದೊಂದಾಗಿ ಹೆಕ್ಕುತ್ತಿರುವಾಗ ಚಪ್ಪಡಿಗಳ ಮೇಲೆ ಚಪ್ಪಲಿ ಸವರುವ ಸದ್ದು ಕೇಳಿತು. ಬಿಳಿ ಪಂಚೆ, ನೆಟ್ಟಗಿನ ಬೆನ್ನು. ಶಿವನಂಜಯ್ಯನವರು ಬಂದೇಬಿಟ್ಟಿದ್ದರು.

"ನಿಲ್ಲಿ, ಮುಂದೆ ಗುಂಡಿ ಇದೆ" ಎಂದೆ.

"ನನ್ ಕಾಲ್ಗೆ ಗೊತ್ತು." ಅವರು ನಿಲ್ಲಲಿಲ್ಲ.

ಬಸವಕುಮಾರ್ ಓಡಿಹೋಗಿ ಅವರ ಎದುರಿಗೆ ನಿಂತ. ಮುಟ್ಟಲಿಲ್ಲ. "ಪೊಲೀಸು ತಾತ. ಇವತ್ತು ಈ ಕಡೆ ಒನ್ ವೇ. ಆ ಪಕ್ಕದಲ್ಲಿ ಓಗ್ಬೇಕು."

"ನಡ್ಯೋರ್ಗೂ ಒನ್ ವೇನಾ?"

"ಎಲ್ಲಾರ್ಗೂ."

"ಓಗ್ಲಿಲ್ಲಾಂದ್ರೆ ಫೈನ್ ಆಕ್ತೀಯಾ?"

"ಆಕ್ತೀನಿ."

ಬೈಕುಗಳಿಗೆ ಹಾಕುವ ದಂಡ ತಮಗೂ ಉಂಟೆಂದದ್ದು ಶಿವನಂಜಯ್ಯನವರಿಗೆ ಹಿಡಿಸಿದಂತಿತ್ತು. "ಕಾನೂನು ಅಂದ್ಮೇಲೆ ಸರಿ ಬುಡು" ಎಂದು ರಸ್ತೆಗಿಳಿದರು. ಬಸವಕುಮಾರ್ ಕೈಯೆತ್ತಿ ಎರಡೂ ಕಡೆಯ ಬೈಕುಗಳನ್ನು ನಿಲ್ಲಿಸಿದ. ಅವರು ದಾಟುವವರೆಗೂ ಒಬ್ಬರೂ ಹಾರನ್ ಮಾಡಲಿಲ್ಲ.

ಟೆಂಪೋ ಬಂದು ಆಳುಗಳು ಹೊಸ ಚಪ್ಪಡಿ ಮುಚ್ಚಿದರು, ನನ್ನ ಮುಖ ನೋಡದೆ. ಎಲ್ಲರೂ ಹೋದ ಮೇಲೂ ನಾನು ಒಳಗೆ ಹೋಗಲಾರದೆ ಗೇಟಿನಲ್ಲೇ ನಿಂತೆ.

ಟೀ ಕುಡಿದು ಬಂದ ಶಿವನಂಜಯ್ಯನವರು ಗುಂಡಿಯಿದ್ದ ಕಡೆಯೇ ಹೆಜ್ಜೆ ನಿಲ್ಲಿಸಿದರು. ಪಾದದಿಂದ ಅಂಚನ್ನು ತಡವಿದರು, ಹಿಂದಕ್ಕೆಳೆದುಕೊಂಡರು.

"ವೀರಮ್ಮೋರೆ, ಅಲ್ಲೇ ಇದ್ದೀರಾ?"

"ಇದ್ದೇನೆ."

"ಇದು ನನ್ ಕಾಲ್ಗೆ ಗೊತ್ತಿಲ್ಲ ಕಣ್ರಿ."

ಗೇಟಿಗೆ ಒರಗಿದ್ದ ಕಬ್ಬನ್ನು ತಂದು ಅವರ ಕೈಗಿಟ್ಟೆ. "ಮೊಮ್ಮಗಳಿಗೆ ಕೊಡಿ."

ಅವರು ಅದರ ಬುಡದಿಂದ ಚಪ್ಪಡಿಯನ್ನು ಕುಟ್ಟಿ ನೋಡಿ, ಕಾಲಿಟ್ಟರು.