ಬೇವಿನ ಗಿಡಕ್ಕೆ ಕಟ್ಟಿದ ಗಡಿಗೆ

ನಾನು ದುಂಡಸಿಗೆ ಸೊಸೆಯಾಗಿ ಹೋದ ನಾಲ್ಕನೆಯ ವರ್ಷ, 1943ರಲ್ಲಿ, ನನ್ನ ಮಾವ ಮಹಾಲಿಂಗಪ್ಪಗೌಡರ ಕಣ್ಣಿಗೆ ಪೊರೆ ಬಂತು. ತಾಟಿನಲ್ಲಿ ಪಲ್ಯವನ್ನು ಯಾವಾಗಲೂ ಬಲಕ್ಕೇ ಬಡಿಸುತ್ತಿದ್ದೆ, ಅವರು ತಡಕಾಡುವುದನ್ನು ಯಾರೂ ನೋಡಬಾರದೆಂದು. ರೈಫಲ್ಲನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಹೊಲಕ್ಕೆ ಕಾಡಹಂದಿ ನುಗ್ಗಿದರೆ ಕಾವಲಿನ ಅಟ್ಟ ಹತ್ತಿ ಹೊಡೆಯುವವರು ಮೂವತ್ತು ವರ್ಷದಿಂದ ಅವರೊಬ್ಬರೇ. ಪೈರಿನೊಳಗೆ ಹೊಕ್ಕು, ಗುಂಡು ತಗುಲಿತೋ ಇಲ್ಲವೋ ಎಂದು ಕೂಗಿ ಹೇಳುವವನು ಮನೆಯ ಆಳು ಬಂದೇಸಾಬ.

ಲೈಸೆನ್ಸು ಹೊಸದು ಮಾಡಿಸುವ ಹೊತ್ತಿಗೆ ನನ್ನ ಗಂಡ ಶಂಕ್ರಪ್ಪ, ಅದನ್ನು ತಮ್ಮ ಹೆಸರಿಗೆ ಬರೆಸಬೇಕೆಂದು ಹಟ ಹಿಡಿದರು. ಕಟ್ಟೆಯ ಮೇಲೆ ಹತ್ತು ಜನರ ಎದುರೇ ಹೇಳಿದರು:

"ನಿನ್ನೆ ಎಮ್ಮಿಗೆ ಶರಣ್ರೀ ಅಂದಿ, ಅಪ್ಪ. ಅದು ತಿರುಗಿ ಶರಣು ಅನ್ನಲಿಲ್ಲಂತ ಸಿಟ್ಟಾಗಿದ್ದಿ."

ಜನ ನಕ್ಕರು. ಮಾವ, "ಗಡಿಗಿ ಕಟ್ಟು. ತಪ್ಪಿದರ ರೈಫಲ್ಲು ನಿಂದು," ಎಂದರು.

ನನ್ನ ಗಂಡ ಹೊಲದ ಬೇವಿನ ಗಿಡಕ್ಕೆ ಗಡಿಗೆ ಕಟ್ಟಿಸಿದರು. ಸರಿಯಾಗಿ ಕಾಣಬಾರದೆಂದು ಮಸಿ ಹಿಡಿದದ್ದನ್ನೇ ಆರಿಸಿದ್ದರು. ಮಾವ ಗುರಿಯಿಟ್ಟರು. ನಳಿಗೆ ಎತ್ತಲೋ ತಿರುಗಿದ್ದು ಬುತ್ತಿ ತಂದಿದ್ದ ನನಗೂ ಕಾಣುತ್ತಿತ್ತು. ಗುಂಡು ಹಾರಿದಾಗ ನನ್ನ ಹೊರತು ಎಲ್ಲರೂ ಕಿವಿಗೆ ಕೈಯಿಟ್ಟು ಕಣ್ಣು ಮುಚ್ಚಿದರು. ಗಿಡದ ಮರೆಯಲ್ಲಿದ್ದ ಬಂದೇಸಾಬನ ಕೈ ಬೀಸಿತು. ಗಡಿಗೆ ಒಡೆಯಿತು.

"ಬಿತ್ರಿ ಗೌಡ್ರ," ಎಂದ. ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಳ್ಳುತ್ತ ನನ್ನತ್ತ ನೋಡಿದ. ನಾನು ನೆಲ ನೋಡಿದೆ. ಮುದುಕರ ಮಾನ ಉಳಿಸಿದನಲ್ಲ ಎಂದು ಅವನಿಗೆ ಎರಡು ರೊಟ್ಟಿ ಹೆಚ್ಚು ಕೊಟ್ಟೆ.

ಮುಂದಿನ ತಿಂಗಳು ಜೋಳ ತೆನೆ ಕಟ್ಟಿತು. ಒಂದು ಮುಂಜಾನೆ ನಾನು ಬುತ್ತಿ ಒಯ್ದಾಗ ಮಾವ ಅಟ್ಟದ ಮೇಲಿದ್ದರು. ಬಂದೇಸಾಬ ಎಲ್ಲಿ ಎಂದು ಕೇಳಬೇಕೆನ್ನುವಷ್ಟರಲ್ಲಿ ದಂಟು ಅಲುಗಾಡಿತು, ಗುಂಡು ಹಾರಿತು.

"ಬಿತ್ತೇನೋ ಬಂದೇಸಾಬ?"

ತುಸು ತಡವಾಗಿ ಜೋಳದೊಳಗಿಂದಲೇ ದನಿ ಬಂತು. "ಬಿತ್ರಿ ಗೌಡ್ರ."

"ನೋಡಿದ್ಯಾ ಯವ್ವಾ," ಎಂದು ಮಾವ ನಕ್ಕರು. "ಶಂಕ್ರಗ ಹೇಳು. ಇನ್ನೂ ಹತ್ತು ವರ್ಷ ಇದು ನನ್ನ ಹೆಗಲಮ್ಯಾಲ ಇರ್ತೈತಿ."

ನಾನು ದಂಟು ಸರಿಸಿಕೊಂಡು ಒಳಗೆ ಹೋದೆ. ಬಂದೇಸಾಬ ಹೊಟ್ಟೆ ಹಿಡಿದು ಬಿದ್ದಿದ್ದ. ಬೆರಳುಗಳ ಸಂದಿನಿಂದ ರಕ್ತ ಹರಿಯುತ್ತಿತ್ತು.

"ಗೌಡ್ರಿಗೆ ಹೇಳಬ್ಯಾಡ್ರಿ ಅಕ್ಕಾರ," ಎಂದ. ಅಷ್ಟರಲ್ಲಿ ಉಸಿರು ನಿಂತಿತು.

ನಾನು ಹೇಳಲಿಲ್ಲ. ಮಾವನನ್ನು ಕೈಹಿಡಿದು ಇಳಿಸಿ ತಂದು, ಆ ಕೈಯನ್ನು ಅವನ ಮೇಲಿಟ್ಟೆ. ಹಂದಿಯ ಮೈ ತಡವುವ ಹಾಗೆ ತಡವಿದರು. ಅಂಗಿಯ ಗುಂಡಿ ಸಿಕ್ಕಿತು, ಆಮೇಲೆ ಗಡ್ಡ ಸಿಕ್ಕಿತು. ಬಹಳ ಹೊತ್ತು ಕೈ ಅಲ್ಲೇ ಇತ್ತು.

"ಹಂಗಾರ ಆ ಗಡಿಗಿ?"

"ಅಂವ ಕಲ್ಲು ಒಗದಿದ್ದರಿ, ಮಾವಾರ."

"ನೀ ನೋಡಿದ್ದಿ?"

"ನೋಡಿದ್ದೆರಿ."

ಅವರು ಎದ್ದು ನಿಂತರು. "ತಗೋ ಶಂಕ್ರಾ," ಎಂದು ಎರಡೂ ಕೈಯಿಂದ ರೈಫಲ್ಲನ್ನು ಚಾಚಿದರು. ನನ್ನ ಗಂಡ ಆ ದಿನ ಶಿಗ್ಗಾಂವಿ ಸಂತೆಗೆ ಹೋಗಿದ್ದರು. ಮಾವ ಚಾಚಿದ ಕಡೆ ಬೇವಿನ ಗಿಡವೊಂದೇ ಇತ್ತು.