ಇಪ್ಪತ್ತೆರಡನೇ ಕಂತು

ಉಸ್ತಾದ್ ರಾಗಿಬ್ ತೀರಿಕೊಂಡದ್ದು ರಂಜಾನಿನ ಇಪ್ಪತ್ತನೇ ದಿನ, ಮಧ್ಯಾಹ್ನದ ನಮಾಜಿನ ಹೊತ್ತಿಗೆ. ಇಪ್ಪತ್ತೊಂದನೇ ಕಂತಿನ ಧ್ವನಿಮುದ್ರಣ ಹಿಂದಿನ ದಿನವೇ ಮುಗಿದಿತ್ತು. ಇನ್ನು ಒಂಬತ್ತು ಕಂತು ಬಾಕಿ. ಆ ಚಳಿಗಾಲ ಕೈರೋದಲ್ಲಿ ಉಪವಾಸ ಬಿಡುವ ಫಿರಂಗಿ ಹಾರಿದ ಕೂಡಲೇ ಜನ ಮೊದಲು ಕೈ ಚಾಚುತ್ತಿದ್ದದ್ದು ಖರ್ಜೂರಕ್ಕೋ ರೇಡಿಯೋಕ್ಕೋ ಹೇಳುವುದು ಕಷ್ಟ. "ಮನ್ಸೂರನ ಒಲೆ" ಅಷ್ಟು ಓಡುತ್ತಿತ್ತು. ರೊಟ್ಟಿ ಸುಡುವ ಹಾಜ್ ಮನ್ಸೂರ್ ತನ್ನ ಮಗ ಅತ್ವಾನನ್ನು ಕಳ್ಳನೆಂದು ಮನೆಯಿಂದ ಅಟ್ಟಿದ್ದಾನೆ. ಕಳ್ಳ ಬೇರೆ ಯಾರೋ ಎಂದು ಈಗ ಬೀದಿಗೆಲ್ಲ ಗೊತ್ತಾಗಿದೆ. ಅತ್ವಾ ಬೀದಿಯ ತಿರುವಿನ ತನಕ ಬಂದು ನಿಂತಿದ್ದಾನೆ. ಇಪ್ಪತ್ತೊಂದನೇ ಕಂತು ಮುಗಿದದ್ದು ಅಲ್ಲಿಗೆ. ಮುಂದಿನದು ಉಸ್ತಾದರ ತಲೆಯಲ್ಲಿತ್ತು, ಆ ತಲೆ ಮರುದಿನ ಬೆಳಿಗ್ಗೆ ಮಣ್ಣಿಗೆ ಹೋಯಿತು.

ನಾನು ಶಫೀಕಾ, ರೇಡಿಯೋದ ನಾಟಕ ವಿಭಾಗದ ಟೈಪಿಸ್ಟ್. ಹನ್ನೆರಡು ವರ್ಷ ಉಸ್ತಾದರ ಕಾಗೆಕಾಲು ಗುಬ್ಬಿಕಾಲನ್ನು ಓದಿ ಟೈಪ್ ಮಾಡಿದವಳು. ಅವರ ಅಕ್ಷರ ನನಗೊಬ್ಬಳಿಗೇ ಅರ್ಥವಾಗುತ್ತಿತ್ತು. ಇದು ಜಂಬದ ಮಾತಲ್ಲ. ಅವರ ಹೆಂಡತಿ ಹಿಕ್ಮತ್ ಹಾನಿಮ್ ಒಂದು ಸಲ ನನ್ನ ಹತ್ತಿರ, "ಮದುವೆಗೆ ಮುಂಚೆ ಬರೆದ ಪ್ರೇಮಪತ್ರಗಳನ್ನೂ ಅವರ ಕೈಲೇ ಓದಿಸ್ಕೊಂಡೆ ಕಣಮ್ಮ, ನಾಚಿಕೆಯಿಂದ ಅರ್ಧ ನುಂಗಿಬಿಟ್ರು" ಎಂದಿದ್ದರು.

ಮಣ್ಣು ಮುಗಿಸಿ ಬಂದವರೆಲ್ಲ ನಿರ್ದೇಶಕ ಬಹ್ಗತರ ಕೋಣೆಯಲ್ಲಿ ಸೇರಿದ್ದರು. ದುಃಖ ಇತ್ತು, ಇಲ್ಲವೆನ್ನಲಾರೆ. ಆದರೆ ಆ ಸಂಜೆಯದು ಬಿಟ್ಟರೆ ಮರುದಿನಕ್ಕೆ ಕಂತಿಲ್ಲ ಎನ್ನುವ ಭಯ ದುಃಖದ ಮೇಲೆ ಕೂತಿತ್ತು. ಪ್ರತಿಯೊಬ್ಬರಿಗೂ ಉಸ್ತಾದ್ ಒಂದೊಂದು ಮುಕ್ತಾಯ ಹೇಳಿ ಹೋಗಿದ್ದರಂತೆ.

"ಕೊನೇ ಕಂತಲ್ಲಿ ನನ್ನ ಮದುವೆ ಅಂತ ಮಾತು ಕೊಟ್ಟಿದ್ರು" ಎಂದಳು ನಾಯಕಿ ಸೌಸನ್.

"ಮದುವೆ ಎಲ್ಲಿಂದ ಬಂತು? ಕೊನೇಲಿ ಎರಡು ಪುಟ ನಾನೊಬ್ಬನೇ ಮಾತಾಡ್ಬೇಕು, ಹಾಗೆ ಹೇಳಿದ್ರು ನನಗೆ." ಇವರು ಹಾಜ್ ಮನ್ಸೂರನ ಪಾತ್ರದ ತಹ್ಸೀನ್.

ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಹಾದ ಬಸ್ಯೂನಿಯೂ ಸುಮ್ಮನಿರಲಿಲ್ಲ. "ಒಬ್ಬ ಚಹಾದವನ ಪಾರ್ಟು ಬರತ್ತೆ, ನೀನೇ ಮಾಡು ಅಂದಿದ್ರು."

"ನೀನು ಉಪವಾಸ ಇಲ್ದೋರಿಗೆ ಚಹಾ ಕೊಡೋ ಪಾರ್ಟನ್ನ ಕದ್ದು ಮಾಡ್ತಿದೀಯಲ್ಲ, ಅದೇ ಸಾಕು" ಎಂದರು ಬಹ್ಗತ್. ಆಮೇಲೆ ಹಿಕ್ಮತ್ ಹಾನಿಮ್ ಕಳಿಸಿಕೊಟ್ಟಿದ್ದ ಚರ್ಮದ ಚೀಲವನ್ನು ನನ್ನ ಮುಂದೆ ಸುರಿದರು. "ಶಫೀಕಾ, ನಿಜ ಹೇಳು. ಇದರಲ್ಲಿ ಏನಾದ್ರೂ ಇದೆಯಾ, ಇಲ್ಲಾ ಉಳಿದದ್ದು ಬರಿ ಅಂತ ಫಿಕ್ರಿಗೆ ಫೋನ್ ಮಾಡ್ಲಾ?"

ಹಾಳೆ ಹಾಳೆ ತಿರುವಿದೆ. ಇಸ್ತ್ರಿಯವನಿಗೆ ಹೇಳಬೇಕಾದದ್ದು, ಡಾಕ್ಟರಿಗೆ ಕೇಳಬೇಕಾದದ್ದು, ಮೇಲಿನ ಮನೆಯವರ ನಲ್ಲಿ ಸೋರುವುದರ ಬಗ್ಗೆ ಮನೆ ಮಾಲೀಕನಿಗೊಂದು ಉದ್ದನೆಯ ಬೈಗುಳದ ಪತ್ರ. ನಾಟಕಕ್ಕೆ ಸಂಬಂಧಪಟ್ಟದ್ದು ಒಂದೇ ಹಾಳೆ. ಮೇಲೆ "ಇಪ್ಪತ್ತೆರಡು" ಎಂದಿತ್ತು. ಕೆಳಗೆ: "ಬಾಗಿಲು ತಟ್ಟಿದ ಸದ್ದು. ಹಾಜ್ ಮನ್ಸೂರ್ ಬಾಗಿಲ ಕಡೆ ನೋಡುತ್ತಾನೆ. ಏಳುವುದಿಲ್ಲ." ಅಷ್ಟೇ. ಉಳಿದ ಹಾಳೆ ಖಾಲಿ.

ಫಿಕ್ರಿಯ ನಾಟಕಗಳನ್ನೂ ಟೈಪ್ ಮಾಡಿದವಳು ನಾನೇ. ಅವನ ಕೈಗೆ ಸಿಕ್ಕರೆ ಅತ್ವಾ ಮರುದಿನವೇ ಟ್ರಾಮಿನಡಿ ಬೀಳುತ್ತಿದ್ದ, ಸಾಯುವ ಮುಂಚೆ ಹತ್ತು ನಿಮಿಷ ದೇಶಸೇವೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಅತ್ವಾನನ್ನು ಆ ಗತಿಗೆ ಬಿಡಲು ನನಗೆ ಮನಸ್ಸು ಬರಲಿಲ್ಲ. ಅದು ಅರ್ಧ ಕಾರಣ. ಇನ್ನರ್ಧ, ಹನ್ನೆರಡು ವರ್ಷದಿಂದ ಟೈಪ್ ಮಾಡುತ್ತಲೇ "ಇಲ್ಲಿ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ" ಎಂದು ಬೆರಳು ತುರಿಸಿಕೊಂಡವಳು ನಾನು.

"ಎಲ್ಲಾ ಇದೆ. ಒಂಬತ್ತೂ ಇದೆ" ಎಂದೆ.

"ಒಂಬತ್ತೂ? ನಮ್ಮ ರಾಗಿಬ್? ಕಂತಿಗೆ ಎರಡು ದಿನಕ್ಕಿಂತ ಮುಂಚೆ ಒಂದಕ್ಷರ ಕೊಡದ ಮನುಷ್ಯ?"

"ಕರಡು, ಸರ್. ಅದಕ್ಕೇ ಹೀಗೆ ಗಲೀಜಾಗಿದೆ. ಬಿಡಿಸಿ ಓದೋಕೆ ಟೈಮ್ ಬೇಕು."

ಬಹ್ಗತ್ ಒಂದು ಹಾಳೆ ತೆಗೆದು ಮೂಗಿನ ಹತ್ತಿರ ಹಿಡಿದು, ತಲೆಕೆಳಗೆ ಮಾಡಿ, ವಾಪಸ್ಸು ಇಟ್ಟರು. ಅದು ನಲ್ಲಿಯ ಪತ್ರವಾಗಿತ್ತು.

ಹಾಗೆ ಶುರುವಾಯಿತು. ದಿನಾ ಬೆಳಿಗ್ಗೆ ಹತ್ತಕ್ಕೆ ಚೀಲದ ಕಾಗದಗಳನ್ನು ಟೈಪ್ ಯಂತ್ರದ ಎಡಕ್ಕೆ ಜೋಡಿಸಿಕೊಂಡು ಕೂರುತ್ತಿದ್ದೆ. ಇಸ್ತ್ರಿಯವನ ಚೀಟಿಯನ್ನು ನೋಡುತ್ತಾ ಅತ್ವಾನ ಮಾತು ಟೈಪ್ ಮಾಡುತ್ತಿದ್ದೆ. ಯಾರಾದರೂ ಹಿಂದೆ ಬಂದು ನಿಂತರೆ ಕಣ್ಣು ಕಿರಿದು ಮಾಡಿ, "ಇದು 'ಬಂದ'ನೋ 'ನಿಂದ'ನೋ" ಎಂದು ಗೊಣಗಿ ಹಾಳೆ ಮಗುಚುತ್ತಿದ್ದೆ. ಒಂದು ಗಂಟೆಗೆ ಧ್ವನಿಮುದ್ರಣ. ಭಯ ಇತ್ತು, ಸುಳ್ಳಲ್ಲ. ಆದರೆ ನನ್ನ ಜೀವಮಾನದಲ್ಲಿ ಅಷ್ಟು ಸುಖವಾದ ಒಂಬತ್ತು ಬೆಳಗುಗಳು ಬೇರೆ ಇಲ್ಲ.

ಉಸ್ತಾದರ ಮೂರು ಸಾಲನ್ನು ಹಾಗೇ ಇಟ್ಟುಕೊಂಡೆ. ಹಾಜ್ ಏಳಲಿಲ್ಲ. ಅತ್ವಾ ಹೋದ. ಮರುದಿನ ರೊಟ್ಟಿಯ ಹೊತ್ತಿಗೆ ಮತ್ತೆ ಬಂದು ತಟ್ಟಿದ. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. ದಿನಾ ತಟ್ಟುವುದು, ದಿನಾ ಹೋಗುವುದು. ಊರಿಗೆ ಊರೇ ನನ್ನನ್ನು ಬೈಯುತ್ತಿತ್ತು, ಅಂದರೆ ಉಸ್ತಾದರನ್ನು.

"ಇನ್ನೂ ಎಷ್ಟು ದಿನ ನಿಲ್ಲಿಸ್ತಾನೇ ಆ ಹುಡುಗನ್ನ?" ಎಂದು ಬಹ್ಗತ್ ಕೂಗಾಡಿದರು. "ಬಾಗಿಲು ತೆಗೆಯೋ ತನಕ ಸಾರು ಬಡಿಸಲ್ಲ ಅಂತಾಳೆ ನನ್ನ ಹೆಂಡ್ತಿ!"

"ನನ್ನನ್ನ ಯಾಕೆ ಕೇಳ್ತೀರಿ? ಇರೋದನ್ನ ಓದ್ತೀನಿ ಅಷ್ಟೆ."

ಇಪ್ಪತ್ತಾರನೇ ಕಂತಿನಲ್ಲಿ ಹಾಜ್ ಎದ್ದ. ತಹ್ಸೀನರಿಗೆ ಎರಡು ಪುಟದ ಮಾತು ಕೊಡಲಿಲ್ಲ. ಬಾಗಿಲು ತೆಗೆದು, ಮಗನ ಮುಖವನ್ನೂ ಸರಿಯಾಗಿ ನೋಡದೆ, "ಒಳಗೆ ಬಾ. ರೊಟ್ಟಿ ಆರಿ ಹೋಗತ್ತೆ" ಎನ್ನುತ್ತಾನೆ. ಇಷ್ಟೇ. ತಹ್ಸೀನ್ ಮೊದಲು ಮುಖ ಊದಿಸಿಕೊಂಡರು. ಆಮೇಲೆ ಮೈಕಿನ ಮುಂದೆ ಆ ಮಾತು ಹೇಳಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತರು. ಹಬ್ಬದ ಹೊತ್ತಿಗೆ ತರಕಾರಿ ಗಾಡಿಯವರ ಬಾಯಲ್ಲೂ ಅದೇ ಮಾತು: "ಬಾರಮ್ಮ ಒಳಗೆ, ರೊಟ್ಟಿ ಆರಿ ಹೋಗತ್ತೆ!" ಸಾವಿನ ಹೊಸ್ತಿಲಲ್ಲಿ ರಾಗಿಬ್ ತಮ್ಮ ಬರವಣಿಗೆಯ ಶಿಖರ ಮುಟ್ಟಿದರು, ಕೊನೆಯ ಒಂಬತ್ತು ಕಂತುಗಳ ಮುಂದೆ ಹಿಂದಿನದೆಲ್ಲ ಸಪ್ಪೆ ಎಂದು ಪತ್ರಿಕೆಯವರು ಬರೆದರು.

ಆ ಪತ್ರಿಕೆಯನ್ನು ಹದಿನೈದು ದಿನ ಕೈಚೀಲದಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ತಡೆಯಲಾಗಲಿಲ್ಲ. ಒಂದು ಸೋಮವಾರ ಬಹ್ಗತರ ಮುಂದೆ ಹೋಗಿ ನಿಂತು, "ಆ ಒಂಬತ್ತೂ ನಾನು ಬರೆದದ್ದು. ಮುಂದಿನ ರಂಜಾನಿಂದು ನನಗೆ ಕೊಡಿ" ಎಂದೆ.

ಬಹ್ಗತ್ ನಕ್ಕರು. ನಾನು ನಗಲಿಲ್ಲ. ಅವರು ನಗು ನಿಲ್ಲಿಸಿ ಕನ್ನಡಕ ತೆಗೆದರು.

"ಹೇಳೋಕೆ ಏನು, ನಾಳೆ ಬಸ್ಯೂನಿನೂ ಬಂದು ನಂದೇ ಅಂತಾನೆ. ಸಾಕ್ಷಿ?"

"ಚೀಲದ ಕಾಗದ. ಅದರಲ್ಲಿ ಮೂರು ಸಾಲು ಬಿಟ್ರೆ ನಾಟಕವೇ ಇಲ್ಲ. ಯಾರಿಂದ ಬೇಕಾದ್ರೂ ಓದಿಸಿ."

ಬಹ್ಗತ್ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಮೇಜು ಕುಟ್ಟಿ ಹೇಳಿದರು: "ಕೋರ್ಟಲ್ಲಿ ಕೈಬರಹ ಪರೀಕ್ಷೆ ಮಾಡೋ ಮುದುಕರೊಬ್ಬರು ನನಗೆ ಗೊತ್ತು. ಗುರುವಾರ ಕರೆಸ್ತೀನಿ. ಕಾಗದ ತಗೊಂಡು ಬಾ. ನೀನು ಹೇಳಿದ್ದು ನಿಜ ಆದ್ರೆ ಮುಂದಿನ ರಂಜಾನು ನಿಂದು, ಹೆಸರು ಸಮೇತ."

ಹೆಸರು ಸಮೇತ! "ರಚನೆ: ಶಫೀಕಾ ಅಬ್ದುಲ್ ಬಾರಿ" ಎಂದು ಫಿರಂಗಿಯ ಬೆನ್ನಿಗೇ ಹೇಳುವುದನ್ನು ಕಿವಿಯಲ್ಲಿ ಕೇಳುತ್ತಾ ಎರಡು ದಿನ ಕಳೆದೆ.

ಬುಧವಾರ ಮಧ್ಯಾಹ್ನ ಕಚೇರಿ ಖಾಲಿಯಾಗಿದ್ದಾಗ ಒಬ್ಬ ಬಂದ. ಮೂವತ್ತರ ಆಸುಪಾಸು. ಹೆಗಲಲ್ಲಿ ಅಕಾರ್ಡಿಯನ್ ಪೆಟ್ಟಿಗೆ, ಮೈಮೇಲೆ ಮದುವೆ ಬ್ಯಾಂಡಿನವರ ಹೊಳೆಯುವ ಕೋಟು. ಉಸ್ತಾದರದೇ ಹಣೆ, ನೋಡಿದ ಕೂಡಲೇ ಯಾರೆಂದು ತಿಳಿಯಿತು. ಉಸ್ತಾದರಿಗೆ ಹಾತಿಮ್ ಎಂಬ ಒಬ್ಬ ಮಗನಿದ್ದಾನೆ, ವೈದ್ಯಕೀಯ ಓದು ಬಿಟ್ಟು ಬ್ಯಾಂಡು ಸೇರಿದ, ಆಮೇಲೆ ಉಸ್ತಾದ್ ಅವನ ಹೆಸರೆತ್ತಲು ಯಾರನ್ನೂ ಬಿಟ್ಟಿಲ್ಲ ಎಂಬುದು ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಬರೆಯುವಾಗ ನನಗೆ ಅವನು ನೆನಪಾಗಿದ್ದನೇ ಎಂದರೆ, ದೇವರಾಣೆ, ಇಲ್ಲ.

"ಅಮ್ಮ ಕಳಿಸಿದ್ರು" ಎಂದ. "ಅಪ್ಪನ ಕಾಗದ ನಿಮ್ಮ ಹತ್ರ ಇದೆಯಂತೆ."

ಕೂರಿಸಿದೆ. ಚಹಾ ತರಿಸಿದೆ. ಅವನು ಕುಡಿಯದೆ ಲೋಟ ಹಿಡಿದುಕೊಂಡೇ ಮಾತಾಡಿದ.

"ಎಂಟು ವರ್ಷ ಆ ಮನೆ ಮೆಟ್ಟಿಲು ಹತ್ತಿರಲಿಲ್ಲ. ಮಣ್ಣಿಗೂ ಬರಲಿಲ್ಲ. ಬದುಕಿದ್ದಾಗ ಬೇಡವಾಗಿದ್ದೋನು ಸತ್ತಮೇಲೆ ಹೆಗಲು ಕೊಟ್ರೆ ಅವರಿಗೆ ಹಿಂಸೆ ಆಗತ್ತೆ ಅನ್ನಿಸ್ತು. ಇಪ್ಪತ್ತಾರನೇ ದಿನ ಝಗಾಝೀಗ್ ಊರಲ್ಲಿ ಬ್ಯಾಂಡಿನೋರ ಜೊತೆ ಉಪವಾಸ ಬಿಡ್ತಾ ಕೂತಿದ್ದೆ. ಹೋಟೆಲಿನ ರೇಡಿಯೋದಲ್ಲಿ ಆ ಬಾಗಿಲು ತೆಗೀತು." ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನಮ್ಮಪ್ಪನಿಗೆ ಆರಿದ ರೊಟ್ಟಿ ಅಂದ್ರೆ ಆಗ್ತಿರಲಿಲ್ಲ. ಊಟಕ್ಕೆ ನಾನು ತಡ ಮಾಡಿದ್ರೆ ಅದಕ್ಕೇ ಬೈತಿದ್ರು. ಬೇರೆಯೋರಿಗೆ ಅದು ನಾಟಕ. ನನಗೆ ಮಾತ್ರ ಗೊತ್ತಾಯ್ತು, ಅವರು ನನ್ನನ್ನೇ ಕರೀತಿದಾರೆ ಅಂತ. ಸಾರನ್ನ ಹಾಗೇ ಬಿಟ್ಟು ರೈಲು ಹತ್ತಿದೆ. ಅಮ್ಮ ಬಾಗಿಲು ತೆಗೆದ್ರು."

ಆರಿದ ರೊಟ್ಟಿ ಯಾವ ಗಂಡಸಿಗೆ ಆಗುತ್ತದೆ? ಹೇಳಬೇಕೆಂದು ಬಾಯಿ ತೆರೆದೆ. "ಹಾತಿಮ್, ಒಂದು ಮಾತು..."

"ಆ ಸಾಲು ಯಾವುದು ತೋರಿಸ್ತೀರಾ? ಅವರ ಅಕ್ಷರ ನನಗೂ ಓದೋಕೆ ಬರಲ್ಲ. ಬೆರಳಿಟ್ಟು ತೋರಿಸಿ ಸಾಕು."

ಡ್ರಾಯರಿನಿಂದ ಚೀಲ ತೆಗೆದೆ. ಮೇಲಿದ್ದದ್ದು ಆ ಮೂರು ಸಾಲಿನ ಹಾಳೆ. ಉಸ್ತಾದ್ ಬದುಕಿದ್ದರೆ ಹಾಜ್ ಏಳುತ್ತಿದ್ದನೇ? ಇವತ್ತಿಗೂ ನನಗೆ ಗೊತ್ತಿಲ್ಲ. ಅವರ ಹಟ ಕಂಡವಳಾಗಿ ಹೇಳುವುದಾದರೆ, ಮೂವತ್ತನೇ ಕಂತಿನವರೆಗೂ ತಟ್ಟಿಸಿ ಹಾಗೇ ಮುಗಿಸಿಬಿಡುವ ಮನುಷ್ಯ. ಅಥವಾ ಆ ಖಾಲಿ ಜಾಗದ ಮುಂದೆ ಅವರೂ ತಿಳಿಯದೇ ಕೂತಿದ್ದರೋ ಏನೋ. ನಿಜ ಹೇಳಿದರೆ ಇವನಿಗೆ ಸಿಗುವುದು "ಏಳುವುದಿಲ್ಲ" ಎಂಬ ಒಂದು ಪದ. ನನಗೆ ಸಿಗುವುದು ಮುಂದಿನ ರಂಜಾನು. ನನಗೆ ಅದು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಎದುರಿಗಿದ್ದ ಹುಡುಗನ ಮೇಲೆ ಸಿಟ್ಟೇ ಬಂತು. ಶುಕ್ರವಾರ ಬರಬಾರದಿತ್ತೇ, ಪಾಪಿ.

ಆ ಹಾಳೆಯನ್ನು ಅಡಿಗೆ ಸೇರಿಸಿ ಇನ್ನೊಂದನ್ನು ತೆಗೆದೆ. ನಡುವಿನ ಒಂದು ಸಾಲಿನ ಕೆಳಗೆ ಬೆರಳಿಟ್ಟೆ.

"ಇಲ್ಲಿ. 'ಒಳಗೆ ಬಾ.' ಇದು 'ರೊಟ್ಟಿ.' ಇದು 'ಆರಿ ಹೋಗತ್ತೆ.'"

ಹಾತಿಮ್ ಬಗ್ಗಿ ನೋಡಿದ. ಆಮೇಲೆ ಆ ಸಾಲಿಗೆ ತುಟಿಯಿಟ್ಟು ಮುತ್ತಿಟ್ಟ. ಉಸ್ತಾದ್ ಅಲ್ಲಿ ಬರೆದದ್ದು "ಬೂದು ಪ್ಯಾಂಟಿನ ಮಂಡಿ ಸುಡಬೇಡವೆಂದು ಇಸ್ತ್ರಿಯವನಿಗೆ ಹೇಳುವುದು" ಎಂದು. ನಾನು ಕಿಟಕಿ ಕಡೆ ತಿರುಗಿದೆ.

"ಎಲ್ಲವನ್ನೂ ಒಯ್ಯಲಾ?" ಎಂದ.

"ಒಯ್ಯಿರಿ. ನಿಮ್ಮದೇ ಅಲ್ವಾ?"

ಗುರುವಾರ ಕೈಬರಹದ ಮುದುಕರು ಭೂತಗನ್ನಡಿ ಮುಂದಿಟ್ಟುಕೊಂಡು ಬಹ್ಗತರ ಕೋಣೆಯಲ್ಲಿ ಕಾದಿದ್ದರು. ಬರಿಗೈಯಲ್ಲಿ ಹೋದೆ.

"ಕಾಗದ ಉಸ್ತಾದರ ಮನೆಯವರಿಗೆ ಕೊಟ್ಟೆ ಸರ್. ಸೋಮವಾರ ನಾನು ಹೇಳಿದ್ದು ಸುಳ್ಳು. ಆಸೆಗೆ ಬಿದ್ದು ಹೇಳ್ಬಿಟ್ಟೆ."

ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. "ನನಗೆ ಗೊತ್ತಿತ್ತು ಕಣೇ. 'ರೊಟ್ಟಿ ಆರಿ ಹೋಗತ್ತೆ'! ಆ ಒಂದು ಮಾತು ಬರಬೇಕಾದ್ರೆ ಮೂವತ್ತು ವರ್ಷ ಬರೆದಿರಬೇಕು. ಅದು ಟೈಪ್ ಮಾಡಿದ್ರೆ ಬರೋದಲ್ಲ. ಹೋಗು, ಬೇಜಾರು ಮಾಡ್ಕೋಬೇಡ."

ನನ್ನ ಬರವಣಿಗೆಯನ್ನು ಒಬ್ಬರು ನನ್ನೆದುರಿಗೇ ಅಷ್ಟು ಹೊಗಳಿದ್ದು ಅದೇ ಮೊದಲು. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ.

ಟ್ರಾಮಿನಲ್ಲಿ ಹೆಂಗಸರ ಬೋಗಿಯಲ್ಲಿ ಸೀಟು ಸಿಕ್ಕಿತು. ಎರಡು ನಿಲ್ದಾಣ ತಡೆದುಕೊಂಡೆ, ಮೂರನೆಯದಕ್ಕೆ ಅಳು ಬಂದೇ ಬಂತು. ಜೋರಾಗಿಯೇ ಅತ್ತೆ. ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ತೋಳು ಹಿಡಿದಳು.

"ಯಾರು ಹೋದ್ರು ತಾಯಿ?"

ಏನಾದರೂ ಹೇಳಲೇಬೇಕಿತ್ತು. "ಉಸ್ತಾದ್ ರಾಗಿಬ್" ಎಂದೆ. "ನಾಟಕ ಬರೀತಿದ್ರಲ್ಲ."

"ಅಯ್ಯೋ, ಆ ಬಾಗಿಲು ತೆಗೆಸಿದ ಪುಣ್ಯಾತ್ಮನಾ!" ಎಂದು ಅವಳೂ ಮುಸುಕಿನ ಸೆರಗು ಮುಖಕ್ಕೆ ಒತ್ತಿಕೊಂಡು ನನ್ನ ಜೊತೆ ಅಳತೊಡಗಿದಳು.