ಓಖ್ಲಾದ ಜೊಂಡಿನಲ್ಲಿ ಗೌರಿಯ ಹೂವು

ಅಮ್ಮ ಹೇಳಿದ್ದು ಪೂಜೆಯ ಹೂವನ್ನು ಹರಿಯುವ ನೀರಿಗೆ ಬಿಡು ಎಂದು. ಯಮುನೆಯ ಆ ಕಪ್ಪು ನೀರನ್ನೂ ಅಮ್ಮ ನೀರೆಂದು ಒಪ್ಪುತ್ತಿದ್ದಳೇ? ಒಪ್ಪದಿದ್ದರೆ, ಅದನ್ನು ತಿಪ್ಪೆಗೆ ಹಾಕಲಾದೀತೇ?

ದಿಲ್ಲಿಯ ಆರ್.ಕೆ.ಪುರಂ ಕ್ವಾರ್ಟರ್ಸಿನ ಮುಂದೆ ದೇವೇಂದ್ರಪ್ಪ ಹೂವು ತುಂಬಿದ ಪ್ಲಾಸ್ಟಿಕ್ ಕವರ್ ಹಿಡಿದು ಸ್ಕೂಟರಿನ ಪಕ್ಕ ನಿಂತೇ ಇದ್ದರು. ತಾಯಿ ಸೀತಮ್ಮ ತೀರಿ ವರ್ಷ ಕಳೆದ ಮೇಲೆ ಬಂದ ಮೊದಲ ಗೌರಿಹಬ್ಬ. ‘ಹೂವನ್ನು ಯಾರೂ ತುಳಿಯಬಾರದು’ ಎಂಬುದು ಆಕೆ ಕೊನೆಗಾಲದಲ್ಲೂ ಮರೆಯದೆ ಹೇಳಿದ ಮಾತು.

ಮೇಲ್ಮನೆಯ ವೈಜಯಂತಿ ಸಸ್ಯಶಾಸ್ತ್ರ ಓದುವ ಹುಡುಗಿ. ಕವರ್ ನೋಡಿ ಕೇಳಿದಳು: “ಅಂಕಲ್, ಯಮುನಾ ಬ್ರಿಡ್ಜಿಗಾ?”

“ಇನ್ನೆಲ್ಲಿಗಮ್ಮ? ಅಲ್ಲಿ ಗಾಡಿ ನಿಲ್ಲಿಸೋಕೆ ಬಿಡಲ್ಲ. ಗಂಟು ಕಟ್ಕೊಂಡು ಹೋದ್ರೆ ನಮ್ಮ ಜಲಜಾ ಹಿಂದಿನ ಸೀಟಿಂದಲೇ ಎಸೀತಾಳೆ.”

“ಹದಿನಾರು ವರ್ಷದಲ್ಲಿ ಒಂದ್ಸಲಾನೂ ಗುರಿ ತಪ್ಪಿಲ್ಲ!” ಎಂದರು ಪಕ್ಕದಲ್ಲಿದ್ದ ಹೆಂಡತಿ ಜಲಜಾ.

“ಅಚ್ಛಾ! ಹಾಗಾದ್ರೆ ಎಸೆದದ್ದು ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಂಡು ಬರೋಣ, ಚಲೋ.”

ಮೂವರೂ ಆಟೋ ಹಿಡಿದು, ಸೇತುವೆ ದಾಟಿ ಹರಿದ ಯಮುನೆ ಬಂದು ಸೇರುವ ಓಖ್ಲಾಕ್ಕೆ ಹೋದರು. ಅಲ್ಲಿ ನದಿ ಅಗಲವಾಗಿ ಹರಡಿತ್ತು. ಆಳೆತ್ತರದ ಜೊಂಡು. ಅದರ ನಡುವೆ ಕೆಂಪು ಕಾಲಿನ, ನೇರಳೆ ಬಣ್ಣದ ನೀರುಕೋಳಿಗಳು.

“ದಿಲ್ಲಿಯಲ್ಲಿ ಇಂಥ ಕಾಡಾ?” ಎಂದರು ದೇವೇಂದ್ರಪ್ಪ.

“ಹಿಂದೆ ನದಿ ಕೆಂಪುಕೋಟೆಯ ಗೋಡೆ ಪಕ್ಕದಲ್ಲೇ ಹರೀತಿತ್ತಂತೆ ಅಂಕಲ್. ಆಮೇಲೆ ದೂರ ಸರೀತು. ಇಲ್ಲಿ ಬ್ಯಾರೇಜ್ ಕಟ್ಟಿದ ಮೇಲೆ ನೀರು ನಿಂತು ಹೀಗಾಯ್ತು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬಾತುಗಳು ಬರ್ತವೆ. ಮಳೆ ನೀರನ್ನ ದಡದ ಮರಳೇ ಹೀರಿ ನೆಲದೊಳಗೆ ಇಳಿಸುತ್ತೆ.”

ಜಲಜಾ ಥಟ್ಟನೆ ಬೆರಳು ತೋರಿಸಿದರು. ಜೊಂಡಿಗೆ ಸಿಕ್ಕಿಕೊಂಡ ಒಂದು ಕವರ್. ಒಳಗೆ ಅರಿಸಿನದ ದಾರ, ಕೊಳೆತ ಹೂವು. ಗಂಟು ಬಿಚ್ಚಿರಲಿಲ್ಲ.

“ರೀ, ಆ ಹೂವಿಗೆ ನೀರು ಸೋಕೇ ಇಲ್ಲ. ನಾವು ಎಸೆದವೂ ಹೀಗೇ ಬಿದ್ದಿರಬೇಕು. ಅತ್ತೆ ಮಾತು ನಡೆಸಿದ್ದು ಎಲ್ಲಿ?”

ದೇವೇಂದ್ರಪ್ಪ ವೈಜಯಂತಿಯತ್ತ ತಿರುಗಿದರು. “ಮತ್ತೇನು ಮಾಡ್ಲಿ, ಹೇಳಮ್ಮ?” ಎಂದರು.

“ಕುಂಡದ ಮಣ್ಣಲ್ಲಿ ಹೂತುಬಿಡಿ. ಯಾರೂ ತುಳಿಯಲ್ಲ. ಗೆಜ್ಜೆವಸ್ತ್ರ ಬರೀ ಹತ್ತಿ, ಅದೂ ಮಣ್ಣಾಗುತ್ತೆ. ಜರಿ, ಪ್ಲಾಸ್ಟಿಕ್ ಮಾತ್ರ ಮೊದಲೇ ತೆಗೆದಿಡಿ.”

ಸಂಜೆ ಅವರು ಹೂವನ್ನು ಮಣ್ಣಿನಲ್ಲಿಟ್ಟು ಮುಚ್ಚಿದರು. ಜಲಜಾ ಕಲಶದ ನೀರು ಹೊಯ್ದರು. ಇಬ್ಬರೂ ಕೈಮುಗಿದರು.

ನೀವೂ ಹಾಗೇ ಮಾಡಿ. ಹಬ್ಬ ಮುಗಿದ ಮೇಲೆ ಹೂವನ್ನು ಮಣ್ಣಿಗೆ ಕೊಡಿ, ನದಿಗೆ ಕವರ್ ಎಸೆಯಬೇಡಿ. ಎಲ್ಲಿಂದಲೋ ದಿಲ್ಲಿಗೆ ಬಂದ ನಮಗೂ ಇಷ್ಟು ವರ್ಷ ನೀರು ಕೊಟ್ಟ ತಾಯಿ ಯಮುನೆ. ಒಂದು ಭಾನುವಾರ ಮಕ್ಕಳೊಂದಿಗೆ ಓಖ್ಲಾಕ್ಕೆ ಹೋಗಿ ನೋಡಿ ಬನ್ನಿ.

ದೇವೇಂದ್ರಪ್ಪ ಈಗ ಪ್ರತಿ ಚಳಿಗಾಲ ಬಾತುಗಳನ್ನು ನೋಡಲು ಹೋಗುತ್ತಾರೆ. ‘ನಿನ್ನಿಂದ ದೊಡ್ಡ ಉಪಕಾರವಾಯಿತಮ್ಮ’ ಎಂದು ವೈಜಯಂತಿಗೆ ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ; ಹಾಗೆ ಹೋಗಿಬರುವುದೇ ಅವರು ಸಲ್ಲಿಸುವ ಕೃತಜ್ಞತೆ.